ನಾಲ್ಕು ಆಸ್ಪತ್ರೆಗಳಿಗೆ ಒಂದೇ ನಮೂನೆ

ಬಾಯಿ ಕ್ಯಾನ್ಸರ್ ಕುರಿತು ಕೆಲಸ ಮಾಡುವ ದಂತವೈದ್ಯರು, ಶಸ್ತ್ರಚಿಕಿತ್ಸಕರು, ಸಮುದಾಯ ಆರೋಗ್ಯದವರು ನಿಮ್ಮ ಭಾಗದ ನಾಲ್ಕು ಕಾಲೇಜುಗಳಲ್ಲಿ ಚದುರಿದ್ದಾರೆ. ಅವರನ್ನೆಲ್ಲ ಒಂದು ಗುಂಪಾಗಿ ಸೇರಿಸಲು ಹೊರಟರೆ ಎರಡು ಸಭೆಗಳಾದ ಮೇಲೆ ಯಾರೂ ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಸಂಖ್ಯಾಶಾಸ್ತ್ರ ಓದಿದವಳು. ಇಂಥ ಎರಡು ಗುಂಪುಗಳಲ್ಲಿ ಮಾಹಿತಿ ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ. ಒಂದು ಗುಂಪು ವರ್ಷದೊಳಗೆ ನಿಂತುಹೋಯಿತು, ಇನ್ನೊಂದು ಇಂದಿಗೂ ನಡೆಯುತ್ತಿದೆ. ಎರಡರಲ್ಲೂ ಹೆಚ್ಚುಕಡಿಮೆ ಅದೇ ಜನ ಇದ್ದರು. ಹಾಗಾಗಿ ಜನರಿಗೆ ಆಸಕ್ತಿಯಿಲ್ಲ ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ.

ನಿಂತುಹೋದ ಗುಂಪಿನಲ್ಲಿ ಅಧ್ಯಕ್ಷರಿದ್ದರು, ಕಾರ್ಯದರ್ಶಿ ಇದ್ದರು, ತಿಂಗಳಿಗೊಂದು ಉಪನ್ಯಾಸವಿತ್ತು. ಒಳ್ಳೆಯ ಉಪನ್ಯಾಸಗಳೇ. ಆದರೆ ಕೇಳಿ ಎದ್ದುಹೋದವರಿಗೆ ಮರುದಿನ ಗುಂಪಿಗಾಗಿ ಮಾಡಬೇಕಾದ ಕೆಲಸ ಏನೂ ಇರಲಿಲ್ಲ. ಹೊರರೋಗಿ ವಿಭಾಗದಲ್ಲಿ ನೂರು ಜನರನ್ನು ನೋಡಿ, ಊಟ ಬಿಟ್ಟು ಬರುವ ವೈದ್ಯರು ಎಷ್ಟು ತಿಂಗಳು ಕೇವಲ ಕೇಳಲು ಬಂದಾರು?

ಉಳಿದ ಗುಂಪು ಶುರುವಾದದ್ದು ಒಂದು ಜಗಳದಿಂದ. ನಾಲ್ಕೂ ಕಡೆಯ ಕೇಸ್ ಶೀಟುಗಳನ್ನು ಮೇಜಿನ ಮೇಲೆ ಹರಡಿದ್ದೆವು. ಒಂದರಲ್ಲಿ ‘ತಂಬಾಕು: ಹೌದು / ಇಲ್ಲ’ ಎಂದಿತ್ತು. ಇನ್ನೊಂದರಲ್ಲಿ ‘ಚಟಗಳು’ ಎಂಬ ಪದದ ಮುಂದೆ ಖಾಲಿ ಗೆರೆ. ಮೂರನೆಯದರಲ್ಲಿ ಬೀಡಿ, ಸಿಗರೇಟಿಗೆ ಮಾತ್ರ ಜಾಗ. ನಾಲ್ಕನ್ನೂ ಒಟ್ಟುಗೂಡಿಸಿ ಲೆಕ್ಕ ಹಾಕಿ ಎಂದು ನನಗೆ ಹೇಳಿದ್ದರು, ಆಗುವುದಿಲ್ಲ ಎಂದೆ. ಆಗ ಮೂಲೆಯಲ್ಲಿ ಕುಳಿತಿದ್ದ ವೈದ್ಯಕೀಯ ಸಮಾಜ ಕಾರ್ಯಕರ್ತೆಯೊಬ್ಬರು ಬಾಯಿಬಿಟ್ಟರು. “ತಂಬಾಕು ತಿನ್ನುತ್ತೀರಾ ಅಜ್ಜಿ ಎಂದರೆ ‘ಇಲ್ಲವಮ್ಮ’ ಎನ್ನುತ್ತಾರೆ. ಎಲೆ ಅಡಿಕೆ ಹಾಕುತ್ತೀರಾ ಎಂದರೆ ‘ಹೂಂ, ಊಟ ಆದ ಮೇಲೆ’ ಎನ್ನುತ್ತಾರೆ. ಅದರ ಜೊತೆ ಏನೇನು ಸೇರಿಸುತ್ತೀರಿ ಎಂದು ಕೇಳಬೇಕು. ಆಮೇಲೆ ಸುಣ್ಣ, ಕಡ್ಡಿಪುಡಿ, ಹೊಗೆಸೊಪ್ಪು ಒಂದೊಂದಾಗಿ ಹೊರಗೆ ಬರುತ್ತವೆ.” ಅಷ್ಟು ವರ್ಷ ನಮ್ಮ ಪಟ್ಟಿಯಲ್ಲಿ ‘ಇಲ್ಲ’ ಎಂದು ದಾಖಲಾಗಿದ್ದ ಹೆಂಗಸರಲ್ಲಿ ಎಷ್ಟು ಜನ ನಿಜವಾಗಿ ‘ಇಲ್ಲ’ ಎಂಬ ಪ್ರಶ್ನೆ ಆ ಕೋಣೆಯಲ್ಲಿದ್ದ ಎಲ್ಲರಿಗೂ ಒಂದೇ ಸಲಕ್ಕೆ ಹೊಳೆಯಿತು.

ಆ ದಿನ ಎರಡು ಗಂಟೆ ಆ ಒಂದೇ ಪ್ರಶ್ನೆಗೆ ಹೋಯಿತು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ಗುಟ್ಕಾ ಪ್ರತಿಯೊಂದಕ್ಕೂ ನಮೂನೆಯಲ್ಲಿ ಬೇರೆ ಮನೆ. ಯಾವ ವಯಸ್ಸಿನಿಂದ, ದಿನಕ್ಕೆ ಎಷ್ಟು ಸಲ, ಯಾವ ಕೆನ್ನೆಗೆ ಒತ್ತರಿಸಿಕೊಳ್ಳುತ್ತೀರಿ, ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುತ್ತೀರಾ. ‘ಬರೀ ಅಡಿಕೆ’ ಎಂಬ ಮನೆ ಬೇಕೇ ಎಂದು ಒಬ್ಬರು ಕೇಳಿದರು. ಬೇಕೇ ಬೇಕು. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಕುಳಿತು ಈ ಮನೆಯನ್ನು ಬಿಟ್ಟರೆ ನಮ್ಮ ಕೆಲಸಕ್ಕೆ ಅರ್ಥವೇ ಇಲ್ಲ.

ಆಮೇಲೆ ರೋಗದ ಹಂತದ ಮಾತು ಬಂತು. ಕ್ಯಾನ್ಸರಿನ ಹಂತ ಗೊತ್ತುಮಾಡುವ ಟಿಎನ್‌ಎಂ ವರ್ಗೀಕರಣದ ಎಂಟನೆಯ ಆವೃತ್ತಿ ಬಂದ ಮೇಲೆ ಬಾಯಿ ಕ್ಯಾನ್ಸರಿನಲ್ಲಿ ಗಡ್ಡೆಯ ಅಗಲವಷ್ಟೇ ಸಾಲದು, ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದೂ ಬೇಕು. 5 ಮಿಲಿಮೀಟರ್ ಮತ್ತು 10 ಮಿಲಿಮೀಟರ್ ಎಂಬ ಎರಡು ಗಡಿಗಳಿವೆ. ನಮ್ಮಲ್ಲಿ ಎರಡು ಕಡೆಯ ವರದಿಗಳಲ್ಲಿ ಆಳವನ್ನು ಬರೆಯುತ್ತಲೇ ಇರಲಿಲ್ಲ. ಅಲ್ಲಿಯವರೆಗೆ, ಗಡ್ಡೆಯ ಅಂಗಾಂಶ ಪರೀಕ್ಷಿಸಿ ವರದಿ ಬರೆಯುವ ಪೆಥಾಲಜಿಯವರನ್ನು ನಾವು ಸಭೆಗೆ ಕರೆದೇ ಇರಲಿಲ್ಲ. ಆ ಮಿಲಿಮೀಟರಿನ ಕಾರಣಕ್ಕೆ ಕರೆದೆವು. ಅವರು ಈಗ ಗುಂಪಿನ ಬೆನ್ನೆಲುಬು.

ಎಲ್ಲರಿಗೂ ಒಂದೇ ನಮೂನೆ ಎಂಬುದು ಸಣ್ಣ ಊರಿನ ಸಣ್ಣ ಉಪಾಯ ಎಂದುಕೊಳ್ಳಬೇಡಿ. ನಮ್ಮ ದೇಶದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1981ರಲ್ಲಿ ಆರಂಭವಾದಾಗ ಜನಸಂಖ್ಯಾಧಾರಿತ ನೋಂದಣಿಗೆ, ಅಂದರೆ ಒಂದು ಪ್ರದೇಶದ ಎಲ್ಲ ಕ್ಯಾನ್ಸರ್ ರೋಗಿಗಳನ್ನೂ ದಾಖಲಿಸುವ ಕೆಲಸಕ್ಕೆ, ಇದ್ದದ್ದು ಬೆಂಗಳೂರು, ಮುಂಬೈ, ಚೆನ್ನೈ ಮಾತ್ರ. ಬೆಂಗಳೂರಿನದು ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ನಡೆಯಿತು. ಯಾವ ಊರಿನಲ್ಲಾದರೂ ಒಬ್ಬ ರೋಗಿಯ ಬಗ್ಗೆ ಅವೇ ಮೂಲ ಪ್ರಶ್ನೆಗಳನ್ನು ಕೇಳಿ ಬರೆಯಬೇಕೆಂಬ ನಿಯಮ ಇದ್ದುದರಿಂದಲೇ ಇಂದು ಒಂದು ಊರಿನ ಲೆಕ್ಕವನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಸಾಧ್ಯವಾಗಿದೆ. ಮಕ್ಕಳ ರಕ್ತ ಕ್ಯಾನ್ಸರಿನ ಕಥೆ ಇನ್ನೂ ದೊಡ್ಡದು. ಅಮೆರಿಕದಲ್ಲಿ 1955ರಿಂದ ಆಸ್ಪತ್ರೆಗಳು ಗುಂಪುಗೂಡಿ ಒಂದೇ ಚಿಕಿತ್ಸಾ ಕ್ರಮವನ್ನು ಪರೀಕ್ಷಿಸತೊಡಗಿದವು. ಒಂದು ಆಸ್ಪತ್ರೆಗೆ ವರ್ಷಕ್ಕೆ ಬರುವ ಬೆರಳೆಣಿಕೆಯ ಮಕ್ಕಳಿಂದ ಯಾವ ಔಷಧ ಮೇಲು ಎಂದು ತಿಳಿಯುವಂತಿರಲಿಲ್ಲ. ಆಗ ಬಹುತೇಕ ಎಲ್ಲ ಮಕ್ಕಳೂ ತೀರಿಕೊಳ್ಳುತ್ತಿದ್ದ ಅದೇ ಕಾಯಿಲೆಯಲ್ಲಿ ಇಂದು ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮಲ್ಲೂ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ, ಚಂಡೀಗಢದ ಮಕ್ಕಳ ತಜ್ಞರು ಐಸಿಕಲ್ ಎಂಬ ಗುಂಪು ಕಟ್ಟಿಕೊಂಡು ಒಂದೇ ಕ್ರಮದಲ್ಲಿ ಚಿಕಿತ್ಸೆಯ ಪ್ರಯೋಗ ನಡೆಸಿದ್ದಾರೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಗುಂಪನ್ನು ಒಡೆಯುವ ವಿಷಯಗಳು. ಅದರಲ್ಲಿ ಮೊದಲನೆಯದು ಸಂಶೋಧನಾ ಲೇಖನದ ಮೇಲಿನ ಹೆಸರು. ನಮ್ಮ ಹಳೆಯ ಗುಂಪಿನಲ್ಲಿ ಮಾಹಿತಿ ಕೊಟ್ಟವರ ಹೆಸರೇ ಇಲ್ಲದೆ ಒಂದು ಲೇಖನ ಹೊರಬಂತು. ಇಪ್ಪತ್ತು ವರ್ಷದ ಗೆಳೆತನ ಅಂದಿಗೆ ಮುಗಿಯಿತು. ಒಂದೂ ರೋಗಿಯ ಮಾಹಿತಿ ಸೇರುವ ಮೊದಲೇ ಯಾರ ಹೆಸರು, ಯಾವ ಕ್ರಮದಲ್ಲಿ, ಯಾವ ಕೆಲಸಕ್ಕೆ ಎಂದು ಒಂದು ಪುಟದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಕಿರಿಯರಿಗೆ ಮೊದಲ ಹೆಸರಿನ ಅವಕಾಶ ಕೊಡಿ. ಕೆಲಸ ಎಳೆಯುವವರು ಅವರೇ.

ಎರಡನೆಯದು ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಅನುಮತಿ. ಅದಕ್ಕಾಗಿ ನಾಲ್ಕು ಕಡೆ ಅಲೆದು ಜನ ಸೋತುಬಿಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಬಹುಕೇಂದ್ರ ಅಧ್ಯಯನಕ್ಕೆ ಒಂದೇ ಸಾಮಾನ್ಯ ಪರಿಶೀಲನೆಗೆ ಅವಕಾಶ ಕೊಟ್ಟಿದೆ, ಅದನ್ನು ನಿಮ್ಮ ಸಮಿತಿಗಳ ಮುಂದಿಡಿ. ಹೆಸರು, ಆಸ್ಪತ್ರೆ ಸಂಖ್ಯೆ, ಫೋನ್ ನಂಬರು ಆಯಾ ಆಸ್ಪತ್ರೆ ಬಿಟ್ಟು ಹೊರಗೆ ಹೋಗಬಾರದು. ಗುಂಪಿಗೆ ಬರುವುದು ಸಂಕೇತ ಸಂಖ್ಯೆ ಮಾತ್ರ. ಮಾಹಿತಿ ತುಂಬಲು ರೆಡ್‌ಕ್ಯಾಪ್ ಎಂಬ ತಂತ್ರಾಂಶ ಬಳಸಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಅದು ಉಚಿತ.

ಹಣ ಸ್ವಲ್ಪವೇ ಇದ್ದರೆ ಅದನ್ನು ಸಭಾಂಗಣಕ್ಕೆ ಸುರಿಯಬೇಡಿ. ದಿನಕ್ಕೆ ಅರ್ಧ ಹೊತ್ತಿನ ಕೆಲಸಕ್ಕಾದರೂ ಸಂಬಳ ಕೊಟ್ಟು ಒಬ್ಬ ಸಂಯೋಜಕರನ್ನು ಇಟ್ಟುಕೊಳ್ಳಿ. ಯಾವ ಆಸ್ಪತ್ರೆಯಿಂದ ಈ ವಾರ ನಮೂನೆ ಬಂದಿಲ್ಲ, ಯಾವುದರಲ್ಲಿ ಆಳದ ಮನೆ ಖಾಲಿಯಿದೆ ಎಂದು ಫೋನ್ ಮಾಡಿ ಕೇಳುವ ಒಬ್ಬರಿಲ್ಲದಿದ್ದರೆ ಎಂಥ ಉತ್ಸಾಹವೂ ಮೂರನೇ ತಿಂಗಳಿಗೆ ಇಳಿಯುತ್ತದೆ. ನಾನು ಕಂಡಿದ್ದೇನೆ.

ಮುಂದಿನ ಸಭೆಗೆ ಭಾಷಣಕಾರರನ್ನು ಕರೆಯಬೇಡಿ. ಪ್ರತಿ ಕಾಲೇಜಿನವರೂ ಕಳೆದ ತಿಂಗಳ ಹತ್ತು ಬಾಯಿ ಕ್ಯಾನ್ಸರ್ ರೋಗಿಗಳ ಕೇಸ್ ಶೀಟುಗಳನ್ನು ಗುರುತು ಅಳಿಸಿ ತರಲಿ. ಜೊತೆಗೆ ಪೆಥಾಲಜಿಯಿಂದ ಒಬ್ಬರು, ರೋಗಿಗಳೊಡನೆ ದಿನವಿಡೀ ಮಾತನಾಡುವ ಸಮಾಜ ಕಾರ್ಯಕರ್ತೆ ಒಬ್ಬರು ಇರಲಿ. ನಲವತ್ತು ಶೀಟುಗಳನ್ನೂ ಪಕ್ಕಪಕ್ಕ ಇಟ್ಟು, ತಂಬಾಕಿನ ಪ್ರಶ್ನೆಯಿಂದ ಶುರುಮಾಡಿ.