ಮೆಸ್ಕಾಂ ಸರ್ಕಾರದ್ದಾ, ಪ್ರೈವೇಟಾ? ರೇಟ್ ಏರ್ಸೋದು ಯಾರು?

ನಮ್ಮ ಕಡೆ ಮನೆಮನೆಗೆ ಕರೆಂಟ್ ಹಂಚೋ ಮೆಸ್ಕಾಂನ ಕಂಪನಿ ಅಂತಾರಲ್ಲ, ಹಂಗಾದ್ರೆ ಪ್ರೈವೇಟಾ, ಕರೆಂಟ್ ರೇಟ್ ಏರ್ಸೋದು ಅವ್ರೇನಾ ಅಂತ ಕೇಳಿದೀರಿ. ಪ್ರೈವೇಟೂ ಅಲ್ಲ, ರೇಟ್ ಏರ್ಸೋದು ಅವ್ರೂ ಅಲ್ಲ. ಕಾಗದದ ಮೇಲೆ ಕಂಪನಿ ನಿಜ, ಆದ್ರೆ ಷೇರೆಲ್ಲ ರಾಜ್ಯ ಸರ್ಕಾರದ್ದೇ, ಎಂಡಿನ ನೇಮಿಸೋದೂ ಸರ್ಕಾರನೇ.

ನಮ್ಮಪ್ಪ ಸಾಗರದ ಕಡೆ ಲೈನ್‌ಮ್ಯಾನ್ ಆಗಿದ್ರು, ಅವ್ರು ಕೆಲಸಕ್ಕೆ ಸೇರಿದಾಗ ಇದ್ದಿದ್ದು ಕೆಇಬಿ, ಅಂದ್ರೆ 1957ರಲ್ಲಿ ಶುರುವಾದ ವಿದ್ಯುತ್ ಮಂಡಳಿ. ಆಮೇಲೆ 1999ರಲ್ಲಿ ಸುಧಾರಣಾ ಕಾಯ್ದೆ ಬಂತು, ಮಂಡಳಿ ಹೋಗಿ ಕೆಪಿಟಿಸಿಎಲ್, ಅಂದ್ರೆ ವಿದ್ಯುತ್ ಪ್ರಸರಣ ನಿಗಮ ಆಯ್ತು, 2002ರ ಜೂನ್ 1ಕ್ಕೆ ಅದ್ರಿಂದ ಹಂಚೋ ಕೆಲಸನ ಬೇರೆ ಮಾಡಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಂತ ನಾಲ್ಕು ಕಂಪನಿ ಮಾಡಿದ್ರು. ಮೈಸೂರು ಕಡೆ ಜಿಲ್ಲೆಗಳೂ ಮೊದಲು ಮೆಸ್ಕಾಂಗೇ ಇದ್ವು, 2005ರಲ್ಲಿ ಚಾಮುಂಡೇಶ್ವರಿ ಕಂಪನಿಗೆ ಹೋದ್ವು. ಈಗ ಮೆಸ್ಕಾಂಗೆ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಮಾತ್ರ. ಆಫೀಸ್ ಬೋರ್ಡ್ ಎಷ್ಟ್ ಸಲ ಬದಲಾದ್ರೂ ನಮ್ಮೂರೋರು ಇವತ್ತಿಗೂ ಕರೆಂಟ್ ಹೋದ್ರೆ "ಕೆಇಬಿಗೆ ಫೋನ್ ಮಾಡು" ಅಂತಾನೇ ಅನ್ನೋದು.

ಇನ್ನು ರೇಟು. ಅದನ್ನ ತೀರ್ಮಾನ ಮಾಡೋದು ಕೆಇಆರ್‌ಸಿ, ಅಂದ್ರೆ ವಿದ್ಯುತ್ ನಿಯಂತ್ರಣ ಆಯೋಗ. ಮೆಸ್ಕಾಂ ತನ್ನ ಖರ್ಚು, ಕರೆಂಟ್ ಕೊಳ್ಳೋಕೆ ಎಷ್ಟಾಗುತ್ತೆ, ಲೈನಲ್ಲಿ ಎಷ್ಟು ಲಾಸು ಅಂತೆಲ್ಲ ಲೆಕ್ಕ ಹಾಕಿ ಅರ್ಜಿ ಕೊಡುತ್ತೆ, ಪೇಪರಲ್ಲಿ ಪ್ರಕಟಣೆ ಬರುತ್ತೆ, ಆಯೋಗ ಜನರ ಅಹವಾಲು ಕೇಳಿ ಆಮೇಲೆ ಆದೇಶ ಮಾಡುತ್ತೆ. ಪಂಪ್‌ಸೆಟ್ಟಿಗೆ ಫ್ರೀ ಕೊಡ್ತೀವಿ, ಮನೆಗೆ 200 ಯೂನಿಟ್ ತನಕ ಗೃಹಜ್ಯೋತಿ ಅಂತ ಸರ್ಕಾರ ಹೇಳಿದ್ರೆ ಆ ದುಡ್ಡನ್ನ ಸರ್ಕಾರನೇ ಕಂಪನಿಗೆ ತುಂಬಬೇಕು, ಅದೂ ಮುಂಗಡವಾಗಿ, 2003ರ ಕಾಯ್ದೆಲೇ ಹಂಗಿದೆ. ಅದು ತಡ ಆಯ್ತು ಅಂದ್ರೆ ಕಂಪನಿ ಸಾಲ ತಗೊಂಡು ಕರೆಂಟ್ ಕೊಳ್ಬೇಕು, ಬಡ್ಡಿ ಬೆಳೆಯುತ್ತೆ, ನನ್ನ ಪ್ರಕಾರ ಯಜಮಾನನೂ ಸಬ್ಸಿಡಿ ಬಾಕಿದಾರನೂ ಒಬ್ರೇ ಆಗಿರೋದೇ ಇಲ್ಲಿ ದೊಡ್ಡ ತೊಡಕು, ಯಾವ ಎಂಡಿ ತಾನೇ ಸರ್ಕಾರಕ್ಕೆ ಗಟ್ಟಿಯಾಗಿ ಕೇಳ್ತಾರೆ ಹೇಳಿ.

ಅದ್ಕೇ ಆಯೋಗ ಜನರ ಅಹವಾಲು ಕೇಳೋ ವಿಚಾರಣೆಗೆ ನೀವು ಹೋಗ್ಬೇಕು ಅಂತೀನಿ. ನಾನೊಂದ್ಸಲ ಹೋಗಿದ್ದೆ, ಅಡಿಕೆ ಬೆಳೆಗಾರರೊಬ್ರು ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಸುಟ್ಟು ಎಷ್ಟು ದಿನ ಆಯ್ತು, ತೋಟ ಹೆಂಗೆ ಒಣಗ್ತಿದೆ ಅಂತ ಕನ್ನಡದಲ್ಲೇ ಹೇಳಿದ್ರು, ಆಯೋಗದೋರು ಅಲ್ಲೇ ಕೂತಿದ್ದ ಅಧಿಕಾರಿನ ಎಬ್ಸಿ ಉತ್ತರ ಕೇಳಿದ್ರು. ಪೇಪರಲ್ಲಿ ಪ್ರಕಟಣೆ ಬಂದ ತಕ್ಷಣ ನಿಮ್ಮ ಬಿಲ್ಲಲ್ಲಿರೋ ಆರ್‌ಆರ್ ನಂಬರ್ (ನಿಮ್ಮ ಕರೆಂಟ್ ಕನೆಕ್ಷನ್ ನಂಬರ್) ಹಾಕಿ ಆಕ್ಷೇಪಣೆ ಬರೆದು ಕಳಿಸಿ, ಕೊನೇ ತಾರೀಕು ಅದ್ರಲ್ಲೇ ಇರುತ್ತೆ.