ದುಬೈ ಸಂಬಳಕ್ಕೆ ಊರಿನಲ್ಲಿ ತೆರಿಗೆ ಇದೆಯೇ?

ದುಬೈಯಲ್ಲಿ ದುಡಿಯುವ ನಿಮ್ಮ ಅಣ್ಣ ಆ ವರ್ಷಕ್ಕೆ ಅನಿವಾಸಿಯಾಗಿದ್ದರೆ (ಅಂದರೆ ತೆರಿಗೆಯ ಲೆಕ್ಕದಲ್ಲಿ ಭಾರತದ ನಿವಾಸಿಯಲ್ಲದಿದ್ದರೆ) ಅಲ್ಲಿನ ಸಂಬಳಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ. ಆದರೆ ಊರಿನ ಉಪ್ಪಳ ಪೇಟೆಯಲ್ಲಿ ಅವರಿಗೆ ಅಂಗಡಿಕೋಣೆ ಇದ್ದರೆ ಅದರ ಬಾಡಿಗೆ ಇಲ್ಲಿಯೇ ಹುಟ್ಟುವ ಆದಾಯವಾದ್ದರಿಂದ ಲೆಕ್ಕಕ್ಕೆ ಸೇರುತ್ತದೆ. ಸಾಮಾನ್ಯ ನಿವಾಸಿಯಾದರೆ ಜಗತ್ತಿನ ಎಲ್ಲ ಆದಾಯಕ್ಕೂ ತೆರಿಗೆ ಅನ್ವಯಿಸುತ್ತದೆ, ಅನಿವಾಸಿಗೆ ಭಾರತದ ಆದಾಯಕ್ಕೆ ಮಾತ್ರ.

ನಿವಾಸಿಯೋ ಅನಿವಾಸಿಯೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಭಾರತದಲ್ಲಿ ಕಳೆದ ದಿನಗಳು, ಆದ್ದರಿಂದ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ಎಣಿಸುವುದು ಒಳ್ಳೆಯದು. ಊರಿಗೆ ರಜೆಯಲ್ಲಿ ಬರುವ ಭಾರತೀಯ ಪ್ರಜೆಗೆ ನಿವಾಸಿಯಾಗುವ ಗಡಿ 182 ದಿನ. ಇಲ್ಲಿನ ಆದಾಯ 15 ಲಕ್ಷ ರೂಪಾಯಿ ಮೀರಿದ್ದರೆ 120 ದಿನದಿಂದಲೇ ನಿಯಮ ಬಿಗಿಯಾಗುತ್ತದೆ. ಮನೆಗೆ ಹಣ ಕಳುಹಿಸಿದರೆ ತೆರಿಗೆ ಬೀಳುತ್ತದೆಂಬ ಭಯ ನಮ್ಮ ಕಡೆ ಬಹಳ; ಸಂಬಳ ಮೊದಲು ಕೈಸೇರಿದ್ದು ಅಲ್ಲಿಯೇ ಆದರೆ ಆ ಭಯ ಬೇಡ.