ಮನೆ ಒಳಗಿಟ್ಟಿರೋ ಕಂಬದ ಕ್ಯಾಕ್ಟಸ್ ಉದ್ದ ಆಗ್ತಿದೆ ಆದ್ರೆ ತುದಿ ಸಣ್ಣ ಆಗ್ತಿದೆ, ಯಾವ ಗೊಬ್ಬರ ಹಾಕ್ಬೇಕು?

ಗೊಬ್ಬರದ ಮಾತು ಸದ್ಯಕ್ಕೆ ಬಿಟ್ಬಿಡಿ. ಹಾಲ್ ಮೂಲೆ, ವಾರಕ್ಕೊಂದ್ಸಲ ನೀರು, ತುದಿ ಪೆನ್ಸಿಲ್ ತರ ಸಣ್ಣ ಆಗ್ತಿದೆ ಅಂತ ಬರ್ದಿದೀರ, ನಮ್ಮನೇಲೂ ಹಿಂಗೇ ಆಗಿದ್ದು.

ಬೆಂಗಳೂರಲ್ಲಿ ಫ್ಲಾಟ್‌ಗೆ ಬಂದ ಹೊಸದ್ರಲ್ಲಿ ಸೆರಿಯಸ್ ಅನ್ನೋ ಜಾತಿಯ ಕಂಬದ ಕ್ಯಾಕ್ಟಸ್ ಒಂದು ತಂದ್ವಿ, ಸೊಂಟದೆತ್ತರ, ಕಡು ಹಸಿರು, ದಪ್ಪ ಏಣುಗಳು. ಬಾಲ್ಕನಿಲಿ ಚೆನ್ನಾಗೇ ಇತ್ತು. ಬಟ್ಟೆ ಒಣಗಾಕೋವಾಗ ಮುಳ್ಳು ತಗಲುತ್ತೆ, ಮಗು ಬೇರೆ ಅಲ್ಲೇ ಓಡಾಡುತ್ತೆ ಅಂತ ಅತ್ತೆ ಹೇಳಿದ್ರು, ಅವರ ಮಾತಲ್ಲೂ ನ್ಯಾಯ ಇತ್ತು, ಒಳಗೆ ತಂದು ಟಿವಿ ಪಕ್ಕದ ಮೂಲೇಲಿಟ್ಟೆ. ಸ್ವಲ್ಪ ತಿಂಗಳಲ್ಲೇ ಮೇಲಿಂದ ಹೊಸದಾಗಿ ಬೆಳೆಯಕ್ಕೆ ಶುರುವಾಯ್ತು. ಆ ಹೊಸ ಭಾಗ ತಿಳಿ ಹಸಿರು, ಏಣುಗಳು ಕಿರಿದಾಗಿ ಒತ್ತೊತ್ತಾಗಿ ಬಂದಿದ್ವು, ಮುಳ್ಳು ಎಷ್ಟು ಮೆತ್ತಗೆ ಅಂದ್ರೆ ಬೆರಳಿಗೆ ಚುಚ್ತಾನೇ ಇರ್ಲಿಲ್ಲ. ಮನೆಗೆ ಬಂದವರೆಲ್ಲ ಎಷ್ಟು ಬೇಗ ಬೆಳೀತಿದೆ ಅನ್ನೋರು, ನಾನೂ ಖುಷಿಪಟ್ಟೆ, ಬೆಳೀತಿರೋ ಗಿಡಕ್ಕೆ ಊಟ ಬೇಕಲ್ವಾ ಅಂತ ಎರೆಗೊಬ್ಬರ ಹಾಕಿದೆ, ನೀರಲ್ಲಿ ಕರಗಿಸೋ 19:19:19 (ನೈಟ್ರೋಜನ್, ಫಾಸ್ಫರಸ್, ಪೊಟ್ಯಾಶ್ ಮೂರೂ ಸಮ ಇರೋ ಗೊಬ್ಬರ) ಕೂಡ ಹಾಕಿದೆ.

ಗಿಡ ಹೋಗಿದ್ದು ಇದ್ರಿಂದಲೇ, ಅದಕ್ಕೆ ಬಿಡಿಸಿ ಹೇಳ್ತೀನಿ. ಉದ್ದ ಆಗ್ತಿದೆ ಅಂದ್ರೆ ಆರೋಗ್ಯವಾಗಿದೆ ಅಂತಲ್ಲ. ಬೆಳಕು ಸಾಲದೇ ಇದ್ದಾಗ ಕ್ಯಾಕ್ಟಸ್ ತನ್ನ ಕಾಂಡದಲ್ಲಿ ಕೂಡಿಟ್ಟಿರೋದನ್ನೇ ಖರ್ಚು ಮಾಡ್ಕೊಂಡು ಬೆಳಕು ಹುಡುಕ್ಕೊಂಡು ಮೇಲಕ್ಕೆ ಎಳೆಯುತ್ತೆ. ನೈಟ್ರೋಜನ್ ಕೊಟ್ರೆ ಆ ಎಳೆಯೋದು ಇನ್ನೂ ಜೋರಾಗುತ್ತೆ, ದಪ್ಪ ಬರಲ್ಲ. ಜೊತೆಗೆ ಬೆಳಕು ಕಮ್ಮಿ ಇರೋ ಕಡೆ ಗಿಡ ನೀರು ಕುಡಿಯೋದೂ ಕಮ್ಮಿ, ಹಾಗಾಗಿ ನರ್ಸರಿಯಿಂದ ಬಂದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒಣಗಿದಂಗೆ ಕಂಡ್ರೂ ತಳದಲ್ಲಿ ಒದ್ದೆಯಾಗೇ ಇರುತ್ತೆ. ವಾರಕ್ಕೊಂದ್ಸಲ ಅನ್ನೋ ಲೆಕ್ಕದಲ್ಲಿ ನಾನು ಹಾಕ್ತಾನೇ ಇದ್ದೆ. ಮಳೆಗಾಲದಲ್ಲಿ ಗಿಡ ಒಂದು ಕಡೆ ವಾಲಿತು. ತುದಿ ಭಾರಕ್ಕೆ ಇರ್ಬೇಕು ಅಂತ ಕೋಲು ಕಟ್ಟಕ್ಕೆ ಹೋಗಿ ಬುಡ ಹಿಡಿದ್ರೆ ಹೆಬ್ಬೆರಳು ಒಳಗೇ ಹೋಯ್ತು, ಕಂದು ನೀರು, ಕೊಳೆತ ವಾಸನೆ. ಬೇರು ಒಂದೂ ಉಳಿದಿರ್ಲಿಲ್ಲ. ಮಧ್ಯದ ದಪ್ಪ ಭಾಗ ಒಂದು ಮೊಳದಷ್ಟು ಸಿಕ್ಕಿತು ಅಷ್ಟೇ, ಈಗಿರೋದು ಅದೇ.

ನೀವು ಗೊಬ್ಬರ ಕೇಳಿದೀರ, ನಾನು ಕಿಟಕಿ ಕೇಳ್ತೀನಿ. ಯಾವ ದಿಕ್ಕಿಗಿದೆ? ಹಾಲ್ ನಮ್ಮ ಕಣ್ಣಿಗೆ ಬೆಳಕಾಗಿ ಕಾಣುತ್ತೆ, ಆದ್ರೆ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಇದ್ರೆ ಒಳಗಿನ ಮೂಲೇಲಿ ಕೆಲವು ನೂರು ಅಷ್ಟೇ. ಯೂಟ್ಯೂಬಲ್ಲಿ ಅಮೆರಿಕದವರು ಇಂಗ್ಲೆಂಡಿನವರು ದಕ್ಷಿಣದ ಕಿಟಕಿ ಅಂತಾರಲ್ಲ, ಅದನ್ನ ಇಲ್ಲಿ ಹಾಗೇ ನಂಬ್ಬೇಡಿ. ಬೆಂಗಳೂರಿರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರ್ತಾನೆ, ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಬೀಳಲ್ಲ, ಮೇಲೆ ಸಜ್ಜಾ ಬೇರೆ. ಪೂರ್ವ ಇಲ್ಲಾ ಪಶ್ಚಿಮದ ಕಿಟಕಿಗೆ ಅಂಟಿಸಿದಂಗೆ ಇಡಿ. ಆದ್ರೆ ಮೂಲೇಲಿದ್ದದ್ದನ್ನ ತಗೊಂಡೋಗಿ ಮಾರ್ಚ್ ಬಿಸಿಲಲ್ಲಿ ಒಂದೇ ಸಲ ನಿಲ್ಲಿಸ್ಬೇಡಿ, ಸಿಪ್ಪೆ ಬೆಳ್ಳಗಾಗಿ ಸುಟ್ಟು ಕಲೆ ಉಳಿಯುತ್ತೆ, ಅದು ಹೋಗಲ್ಲ. ಎರಡು ಮೂರು ವಾರ ಬೆಳಗಿನ ಬಿಸಿಲು ಮಾತ್ರ.

ಸಣ್ಣ ಆಗಿರೋ ತುದಿ ಮತ್ತೆ ದಪ್ಪ ಆಗಲ್ಲ. ಬೆಳಕು ಸಿಕ್ಕಿದ್ಮೇಲೆ ಅದರ ಮೇಲೆ ದಪ್ಪಗೆ ಬೆಳೆದ್ರೆ ಆ ಸಣ್ಣ ಕುತ್ತಿಗೆ ತಡೆಯಲ್ಲ, ಮುರಿಯುತ್ತೆ. ಅದಕ್ಕೆ ಕತ್ತರಿಸಿ. ಚಾಕುನ ಸ್ಪಿರಿಟಲ್ಲಿ ಒರೆಸಿ, ಗಿಡನ ಮಡಚಿದ ದಪ್ಪ ಪೇಪರಲ್ಲಿ ಹಿಡಿದು, ದಪ್ಪ ಇರೋ ಕಡೆ ಅಡ್ಡಕ್ಕೆ ಕೊಯ್ಯಿರಿ. ಲೋಳೆ ಬರುತ್ತೆ, ಹೆದರ್ಬೇಡಿ. ಮಧ್ಯದಲ್ಲಿ ಒಂದು ಉಂಗುರ ಕಾಣುತ್ತಲ್ಲ, ಅದು ಕಂದು ಬಣ್ಣ ಇದ್ರೆ ಕೊಳೆ ಇನ್ನೂ ಇದೆ, ಬಿಳಿ ಬರೋವರೆಗೂ ಕೊಯ್ತಾ ಹೋಗಿ. ಬೇರು ಬರೋದು ಆ ಉಂಗುರದಿಂದ, ಒಣಗ್ತಾ ಒಣಗ್ತಾ ಮಧ್ಯಭಾಗ ಒಳಕ್ಕೆ ಎಳ್ಕೊಳುತ್ತೆ, ಅದಕ್ಕೆ ಸುತ್ತ ಅಂಚನ್ನ ಓರೆಯಾಗಿ ಕೆತ್ತಿ. ನೆಡೋ ತುಂಡನ್ನ ಖಾಲಿ ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಲ್ಲಿ ಗಾಯ ಗಟ್ಟಿಯಾಗೋವರೆಗೂ ಬಿಡಿ, ಹದಿನೈದು ದಿನ, ದಪ್ಪ ಇದ್ರೆ ಇನ್ನೂ ಜಾಸ್ತಿ. ಹೊಸ ಮಣ್ಣಲ್ಲಿ ಅರ್ಧಕ್ಕಿಂತ ಜಾಸ್ತಿ ದಪ್ಪ ಮರಳು, ಇಟ್ಟಿಗೆ ಚೂರು, ಸಣ್ಣ ಜಲ್ಲಿ ಇರ್ಲಿ, ಕುಂಡ ಮಣ್ಣಿಂದೇ ಆಗ್ಲಿ, ತಳದಲ್ಲಿ ತೂತಿರ್ಲಿ. ಮೆಲ್ಲಗೆ ಎಳೆದಾಗ ಹಿಡ್ಕೊಂಡಂಗೆ ಅನಿಸಿದ್ರೆ ಬೇರು ಬಂದಿದೆ, ಆಮೇಲೆ ನೀರು. ಕೆಳಗುಳಿದ ಮೋಟು ಬಿಸಾಕ್ಬೇಡಿ, ಮುಳ್ಳು ಹುಟ್ಟೋ ಜಾಗದಿಂದ್ಲೇ ಪಕ್ಕದ ಕೊಂಬೆ ಬರುತ್ತೆ.

ವಾರಕ್ಕೊಂದ್ಸಲ ಅನ್ನೋದು ಮರೆತ್ಬಿಡಿ. ಬಿದಿರು ಕಡ್ಡಿ ತಳದವರೆಗೂ ಚುಚ್ಚಿ ತೆಗೆದು ನೋಡಿ, ಮಣ್ಣು ಅಂಟಿದ್ರೆ ಬೇಡ. ಮೋಡದ ದಿನಗಳಲ್ಲಿ ನಾನು ತಿಂಗಳುಗಟ್ಟಲೆ ಹಾಕಲ್ಲ.

ಕಿಟಕಿ ಹತ್ರ ಜಾಗನೇ ಇಲ್ಲ, ಗ್ರೋ ಲೈಟ್ (ಗಿಡಕ್ಕಂತಲೇ ಇರೋ ದೀಪ) ಹಾಕಕ್ಕೂ ಆಗಲ್ಲ ಅಂದ್ರೆ ಕಂಬದ ಕ್ಯಾಕ್ಟಸ್ ಒಳಗಿಡ್ಲೇಬೇಡಿ. ಇಂಡೋರ್ ಗಿಡ ಅಂತ ಮಾರ್ತಾರೆ, ನಾನು ಒಪ್ಪಲ್ಲ, ದಕ್ಷಿಣ ಅಮೆರಿಕದ ಬಯಲಲ್ಲಿ ಮರದೆತ್ತರ ಬೆಳೆಯೋ ಗಿಡ ಅದು. ಟೆರೇಸ್ ಇರೋರಿಗೆ ಕೊಟ್ಟು ಆ ಮೂಲೆಗೆ ಸ್ನೇಕ್ ಪ್ಲಾಂಟ್ ಇಡಿ.

ಇವತ್ತೇ ಬುಡ ಒತ್ತಿ ನೋಡಿ. ಕಂದಾಗಿ ತೊಗಟೆ ತರ ಗಟ್ಟಿಯಿದ್ರೆ ಅದು ವಯಸ್ಸಿಗೆ ಬರೋದು, ಭಯ ಬೇಡ, ಕತ್ತರಿಸೋದು ಒಣ ಹವೆ ಇರೋ ಫೆಬ್ರವರಿಲಿ ಮಾಡಿದ್ರೂ ನಡೆಯುತ್ತೆ. ಮೆತ್ತಗಾಗಿದ್ರೆ ಮಾತ್ರ ಮಳೆ ಗಿಳೆ ನೋಡ್ಬೇಡಿ, ಈಗಲೇ ಕೊಯ್ದುಬಿಡಿ.